ರಕ್ತ ಯಾವ ಮಗುವಿನ ಕಡೆ ಹರಿಯುತ್ತಿದೆ?

ತಲೆ ಕೂಡಿಕೊಂಡು ಹುಟ್ಟಿದ ಅವಳಿಗಳನ್ನು ಬೇರ್ಪಡಿಸುವಾಗ ತಲೆಬುರುಡೆ ಕೊಯ್ಯುವುದೇ ಕಷ್ಟದ ಕೆಲಸ ಎಂದು ನಮಗೆಲ್ಲ ಅನ್ನಿಸುತ್ತದೆ. ಶಸ್ತ್ರವೈದ್ಯರ ಚಿಂತೆಯೇ ಬೇರೆ. ಮಿದುಳಿನಿಂದ ಹೃದಯಕ್ಕೆ ರಕ್ತ ಹಿಂದಿರುಗಿಸುವ ದೊಡ್ಡ ಸಿರೆ ಎಷ್ಟೋ ಸಲ ಇಬ್ಬರಿಗೂ ಸೇರಿ ಒಂದೇ ಇರುತ್ತದೆ. ಅದನ್ನು ಒಂದು ಮಗುವಿಗೆ ಬಿಟ್ಟುಕೊಟ್ಟರೆ ಇನ್ನೊಂದರ ಮಿದುಳಿಗೆ ಬಂದ ರಕ್ತಕ್ಕೆ ಹೊರದಾರಿ ಇರುವುದಿಲ್ಲ, ಮಿದುಳು ಊದಿಕೊಳ್ಳುತ್ತದೆ.

ಸಿ.ಟಿ. ಸ್ಕ್ಯಾನ್ ಎಲುಬನ್ನೂ ಎಂ.ಆರ್.ಐ. ಮಿದುಳಿನ ಮಡಿಕೆಗಳನ್ನೂ ಚೆನ್ನಾಗಿ ತೋರಿಸುತ್ತವೆ. ರಕ್ತ ಹರಿಯುವ ಕ್ರಮವನ್ನು ಕ್ಷಣಕ್ಷಣವೂ ಕಾಣಬೇಕಾದರೆ ಆಂಜಿಯೋಗ್ರಾಂ ಬೇಕು. ತೊಡೆಸಂದಿಯ ಧಮನಿಯಲ್ಲಿ ಸಣ್ಣ ಕೊಳವೆ ತೂರಿಸಿ, ಕುತ್ತಿಗೆಯವರೆಗೆ ಒಯ್ದು, ಒಂದು ಮಗುವಿಗೆ ಮಾತ್ರ ಅಯೋಡಿನ್ ಬೆರೆತ ದ್ರವ ಬಿಡುತ್ತಾರೆ. ದ್ರವ ಬಿಡುವ ಮೊದಲೇ ತೆಗೆದಿಟ್ಟ ಎಕ್ಸ್-ರೇ ಚಿತ್ರವನ್ನು ಕಂಪ್ಯೂಟರ್ ದ್ರವ ಬಿಟ್ಟ ಮೇಲಿನ ಚಿತ್ರದಿಂದ ಕಳೆದುಬಿಡುವುದರಿಂದ ಎಲುಬು ಮಾಯವಾಗಿ ರಕ್ತನಾಳಗಳಷ್ಟೇ ಪರದೆಯಲ್ಲಿ ಉಳಿಯುತ್ತವೆ. ಮೊದಲು ಧಮನಿಗಳು ಕವಲು ಕವಲಾಗಿ ಕಪ್ಪಗೆ ಮೂಡುತ್ತವೆ. ಕೆಲವೇ ಸೆಕೆಂಡುಗಳಲ್ಲಿ ಅವು ಮಾಸಿ ಸಿರೆಗಳು ಕಾಣಿಸಿಕೊಳ್ಳುತ್ತವೆ. ಆ ಕಪ್ಪು, ದ್ರವ ಕೊಡದ ಮಗುವಿನ ಕುತ್ತಿಗೆಯ ಸಿರೆಗೆ ಇಳಿದರೆ, ಒಬ್ಬರ ರಕ್ತ ಇನ್ನೊಬ್ಬರ ಮೂಲಕ ಹಿಂದಿರುಗುತ್ತಿದೆ ಎಂದರ್ಥ. ಆಮೇಲೆ ಎರಡನೆಯ ಮಗುವಿಗೂ ಇದೇ ಪರೀಕ್ಷೆ. ಇಬ್ಬರೂ ಅಲುಗದಂತೆ ಮಲಗಿರಬೇಕು. ಒಂದಕ್ಕೆ ಕೊಟ್ಟ ಅರಿವಳಿಕೆ ಮದ್ದು ಇನ್ನೊಂದಕ್ಕೂ ಸೇರಬಹುದಾದ್ದರಿಂದ ಮಗುವಿಗೊಂದು ಅರಿವಳಿಕೆ ತಂಡ ನಿಂತಿರುತ್ತದೆ.

ತಲೆ ಕೂಡಿಕೊಂಡೇ ಬೆಳೆದ ಇರಾನಿನ ಲಾದಾನ್ ಮತ್ತು ಲಾಲೆ ಬಿಜಾನಿ ಸೋದರಿಯರಿಗೂ ಇಂಥದೇ ಹಂಚಿಕೆಯ ಸಿರೆ ಇತ್ತು. ವೈದ್ಯರಿಗೆ ಅದು ಮೊದಲೇ ತಿಳಿದಿತ್ತು. 2003ರ ಜುಲೈನಲ್ಲಿ ಸಿಂಗಾಪುರದಲ್ಲಿ, ಅವರನ್ನು ಒಂದೇ ಸಲಕ್ಕೆ ಬೇರ್ಪಡಿಸಲು ಹೊರಟಾಗ, ತೊಡೆಯ ಸಿರೆಯೊಂದನ್ನು ತೆಗೆದು ಬದಲಿ ದಾರಿ ಮಾಡಲು ನೋಡಿದರು. ತೀವ್ರ ರಕ್ತಸ್ರಾವವಾಗಿ 29 ವರ್ಷದ ಇಬ್ಬರೂ ತೀರಿಕೊಂಡರು. ಇಡೀ ಶಸ್ತ್ರಕ್ರಿಯೆಯನ್ನು ಒಂದೇ ಸಲಕ್ಕೆ ಮುಗಿಸುವುದು ಎಷ್ಟು ಅಪಾಯ ಎಂಬುದನ್ನು ಈ ಸಾವುಗಳ ಬಗ್ಗೆ ಓದಿದಾಗಲೆಲ್ಲ ಸಂಕಟದಿಂದ ನೆನೆಯುತ್ತೇನೆ.

ದೆಹಲಿಯ ಏಮ್ಸ್‌ನಲ್ಲಿ 2017ರಲ್ಲಿ ಒಡಿಶಾದ ಪುಟ್ಟ ಅವಳಿ ಗಂಡುಮಕ್ಕಳಿಗೆ ಎರಡು ಹಂತದಲ್ಲಿ ಶಸ್ತ್ರಕ್ರಿಯೆ ನಡೆಯಿತು. ಆಗಸ್ಟ್ 28ರಂದು ಶುರುವಾದ ಮೊದಲ ಹಂತದಲ್ಲಿ ಹಂಚಿಕೆಯ ಸಿರೆಗಳಿಗೆ ಬದಲಿ ದಾರಿ ಮಾಡಿ ಕಾದರು. ಅಕ್ಟೋಬರ್ 25ರಂದು ಪೂರ್ತಿ ಬೇರ್ಪಡಿಸಿದರು. ನಡುವಿನ ಈ ಬಿಡುವು ತುಂಬ ಮುಖ್ಯ. ಹಳೆಯ ದಾರಿ ಕಿರಿದಾಗುತ್ತ ಹೋದರೆ ಮಗುವಿನ ದೇಹ ಅಕ್ಕಪಕ್ಕದ ಸಣ್ಣ ಸಿರೆಗಳನ್ನು ಹಿಗ್ಗಿಸಿಕೊಳ್ಳಬಲ್ಲದು. ಅವು ನಿಜವಾಗಿ ಹಿಗ್ಗಿವೆಯೇ, ಮಿದುಳು ಊದಿಲ್ಲವೇ ಎಂಬುದನ್ನು ಮತ್ತೆ ಸ್ಕ್ಯಾನ್ ಮಾಡಿ ನೋಡಬೇಕು. ಹಿಗ್ಗಿಲ್ಲವೆಂದು ಚಿತ್ರ ಹೇಳಿದರೆ ಮುಂದಿನ ಹಂತದ ದಿನಾಂಕ ಮುಂದಕ್ಕೆ ಹೋಗುತ್ತದೆ, ಹೋಗಲೇಬೇಕು.