ಆಂಟ್ವರ್ಪ್ ಪಟ್ಟಿಯಲ್ಲೊಬ್ಬ ಫಡೆಪ್ಪ!

1920ರ ಆಂಟ್ವರ್ಪ್ ಒಲಿಂಪಿಕ್ಸ್. ಮ್ಯಾರಥಾನ್ ಫಲಿತಾಂಶದ ಪಟ್ಟಿ. ಮೊದಲನೆಯ ಹೆಸರು ಫಿನ್ಲೆಂಡಿನ ಹಾನ್ನೆಸ್ ಕೊಲೆಹ್ಮೈನೆನ್, ಅವನ ಬೆನ್ನಿಗೇ ಎಸ್ಟೋನಿಯಾದ ಯೂರಿ ಲಾಸ್‌ಮನ್. ಬೆರಳಿಟ್ಟುಕೊಂಡು ಕೆಳಗಿಳಿಯುತ್ತ 19ನೇ ಸಾಲಿಗೆ ಬಂದೆ. ಬೆರಳು ಅಲ್ಲೇ ನಿಂತಿತು.

ಫಡೆಪ್ಪ ದರೆಪ್ಪ ಚೌಗುಲೆ!

ದರೆಪ್ಪ! ಚೌಗುಲೆ! ನಮ್ಮ ಬೆಳಗಾವಿ ಜಿಲ್ಲೆಯ ಜುಗೂಳದ ಹೊಳೆದಂಡೆಯಲ್ಲಿ, ಆಚೆ ದಡದ ಖಿದ್ರಾಪುರದತ್ತ ಮುಖ ಮಾಡಿ ಹೀಗೊಮ್ಮೆ ಕೂಗಿ ನೋಡಿ. ಎರಡೂ ದಡಗಳಿಂದ ಯಾರಾದರೂ ಓಗೊಟ್ಟಾರು. ಕಬ್ಬಿನ ಹೊಲ, ಎಮ್ಮೆ ಕಟ್ಟಿದ ಪಡಸಾಲೆ, ಹಬ್ಬದ ಜೋಳದ ಕಡುಬು, ಇವುಗಳ ನಡುವೆ ಓಡಾಡುವ ಹೆಸರು ಬೆಲ್ಜಿಯಂನ ಪಟ್ಟಿಯಲ್ಲಿ! ಹೌದು, ಅವರು ಬೆಳಗಾವಿಯವರೇ.

ಇದರ ಹಿಂದಿನ ಕಥೆ ಇನ್ನೂ ಬೆರಗಿನದು. 1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದ ಓಟದ ಪಂದ್ಯ ನೋಡಲು ಕೂತಿದ್ದವರು ಉದ್ಯಮಿ ದೊರಾಬ್ಜಿ ಟಾಟಾ. ಕಣದಲ್ಲಿದ್ದವರಲ್ಲಿ ಹೆಚ್ಚಿನವರು ಒಕ್ಕಲು ಮಕ್ಕಳು, ಬರಿಗಾಲಿನವರು. ಅವರು ಓಡಿದ ಸಮಯ ಕಂಡು ಟಾಟಾರಿಗೆ ಅನಿಸಿತು: ಇವರು ಯುರೋಪಿನವರ ಜೊತೆ ನಿಲ್ಲಬಲ್ಲರು. ಮುಂಬಯಿ ಗವರ್ನರ್ ಲಾಯ್ಡ್ ಅವರ ನೆರವು ಕೇಳಿದರು, ಖರ್ಚಿಗೆ ತಮ್ಮ ಕೈಯಿಂದಲೂ ಹಣ ಹಾಕಿದರು. ಭಾರತದಿಂದ ಒಂದು ತಂಡವೆಂದು ಒಲಿಂಪಿಕ್ಸ್‌ಗೆ ಹೋದದ್ದು ಅದೇ ಮೊದಲು. ಫಡೆಪ್ಪ ಸೇರಿ ಬೆರಳೆಣಿಕೆಯ ಓಟಗಾರರು, ಇಬ್ಬರು ಪೈಲ್ವಾನರು. ಆ ಪೈಲ್ವಾನರಲ್ಲಿ ರಣಧೀರ ಶಿಂಧೆ ಕುಸ್ತಿಯಲ್ಲಿ ನಾಲ್ಕನೆಯ ಸ್ಥಾನದವರೆಗೆ ಏರಿದರು. ಪದಕ ಕೈಗೆಟುಕುವಷ್ಟರಲ್ಲಿ ತಪ್ಪಿತು. ತಾಲೀಮಿನ ಕೆಂಪು ಮಣ್ಣು ಮೈಗೆ ಹಚ್ಚಿಕೊಂಡು ಬೆಳೆಯುವ ನಮ್ಮ ಕಡೆಯ ಮಕ್ಕಳಿಗೆ ಇದನ್ನು ಯಾರೂ ಯಾಕೆ ಹೇಳಲಿಲ್ಲ?

ಐದು ಬಳೆಗಳ ಒಲಿಂಪಿಕ್ ಬಾವುಟ ಕೂಟದಲ್ಲಿ ಮೊದಲ ಸಲ ಏರಿದ್ದೂ ಆ ಆಂಟ್ವರ್ಪ್‌ನಲ್ಲಿಯೇ, ಕ್ರೀಡಾಪಟುಗಳ ಪ್ರಮಾಣವಚನ ಮೊದಲು ಕೇಳಿದ್ದೂ ಅಲ್ಲಿಯೇ. ಆಗಸ್ಟ್ 22ರಂದು ಮ್ಯಾರಥಾನ್. ದೂರ 42.75 ಕಿಲೋಮೀಟರ್, ಇಂದಿನ ಮ್ಯಾರಥಾನಿಗಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ಒಲಿಂಪಿಕ್ಸ್‌ನಲ್ಲಿ ಅಷ್ಟುದ್ದದ ಮ್ಯಾರಥಾನ್ ಇನ್ನೊಂದಿಲ್ಲ. ಫಡೆಪ್ಪನ ಜೊತೆಗಿದ್ದ ಸದಾಶಿವ ದಾತಾರ್ ನಡುದಾರಿಯಲ್ಲೇ ನಿಲ್ಲಬೇಕಾಯಿತು. ಫಡೆಪ್ಪ ನಿಲ್ಲಲಿಲ್ಲ. 2 ಗಂಟೆ 50 ನಿಮಿಷ 45 ಸೆಕೆಂಡು! ಗೆದ್ದವನಿಗಿಂತ ಹಿಂದೆ ಬಿದ್ದದ್ದು ಬರೀ 18 ನಿಮಿಷ.

ಕಾಗದ ತೆಗೆದು ಭಾಗಿಸಿದೆ. ಕಿಲೋಮೀಟರಿಗೆ ನಾಲ್ಕು ನಿಮಿಷ. ತಪ್ಪಿರಬೇಕೆಂದು ಮತ್ತೆ ಭಾಗಿಸಿದೆ. ನಾಲ್ಕಕ್ಕೂ ತುಸು ಕಡಿಮೆಯೇ!

ಮರುದಿನ ಬೆಳಿಗ್ಗೆ ಫೋನು ಹಿಡಿದು ಹೊಳೆಯ ದಾರಿಗೆ ಹೋದೆ. ಪೊಲೀಸ್ ಭರ್ತಿಗೆ ತಯಾರಾಗುವ ಹುಡುಗರು ಅಲ್ಲಿ ದಿನಾ ಓಡುತ್ತಾರೆ. ಒಂದು ಕಿಲೋಮೀಟರ್ ಅಳೆದು ಓಡಿಸಿದೆ. ಮುಂದಿದ್ದವನು ಸರಿಯಾಗಿ ನಾಲ್ಕು ನಿಮಿಷಕ್ಕೆ ಮುಟ್ಟಿ, ಮೊಣಕಾಲಿಗೆ ಕೈ ಊರಿ ನಿಂತ. ಫಡೆಪ್ಪನ ಲೆಕ್ಕ ಹೇಳಿದೆ.

"ಹಿಂಗss ಇನ್ನ ನಲವತ್ತೊಂದ ಸಲಾ?" ಏದುಸಿರಿನಲ್ಲೇ ಕೇಳಿದ. "ಮ್ಯಾಲ ಮುಕ್ಕಾಲು ಕಿಲೋಮೀಟರ್" ಅಂದೆ. ಅವನು ಹೊಳೆಯ ಕಡೆ ನೋಡಿದ, ನನ್ನ ಕಡೆ ನೋಡಿದ. "ಅಣ್ಣಾ, ಅವರ ಹೆಸರು ಇನ್ನೊಮ್ಮೆ ಹೇಳ್ರಿ."