ಬೆರಳ ತುದಿಯ ನೃತ್ಯ: ಪಾದಬಲವೂ ಪಾದರಕ್ಷೆಯೂ

ಯೂರೋಪಿನ ಬ್ಯಾಲೆ ನೃತ್ಯದಲ್ಲಿ ನರ್ತಕಿಯು ಕಾಲ್ಬೆರಳುಗಳ ತುದಿಯ ಮೇಲೆ ನಿಲ್ಲುವುದನ್ನು ಕಂಡವರು, ಆ ಶಕ್ತಿಯೆಲ್ಲವೂ ಅವಳ ಗಡುಸಾದ ಪಾದರಕ್ಷೆಯದೆಂದು ಭಾವಿಸುವುದುಂಟು. ಇತಿಹಾಸವು ಈ ಭಾವನೆಯನ್ನು ಸಮರ್ಥಿಸುವುದಿಲ್ಲ.

1832ರಲ್ಲಿ ಪ್ಯಾರಿಸ್ಸಿನ ಆಪೆರಾದಲ್ಲಿ ‘ಲಾ ಸಿಲ್ಫೀಡ್’ ಪ್ರದರ್ಶಿತವಾದಾಗ ಮೇರಿ ಟಾಗ್ಲಿಯೋನಿ ಧರಿಸಿದ್ದುದು ಮೃದುವಾದ ಸ್ಯಾಟಿನ್ ಪಾದರಕ್ಷೆ. ತುದಿಯಲ್ಲಿನ ದಾರದ ಹೊಲಿಗೆಯನ್ನು ಬಿಟ್ಟರೆ ಅದರಲ್ಲಿ ಹೆಚ್ಚಿನ ಆಸರೆಯೇನೂ ಇರಲಿಲ್ಲ. 1822ರಲ್ಲಿ ಅವಳು ವಿಯೆನ್ನಾದಲ್ಲಿ ಪ್ರಥಮತಃ ರಂಗವೇರುವುದಕ್ಕೆ ಮುನ್ನ, ತಂದೆ ಫಿಲಿಪ್ಪೊ ಸುಮಾರು ಆರು ತಿಂಗಳ ಕಾಲ ಅವಳಿಂದ ದಿನವೂ ಕಠಿನ ಅಭ್ಯಾಸವನ್ನು ಮಾಡಿಸಿದ್ದನು. ಗಟ್ಟಿಯಾದ ತುದಿಯುಳ್ಳ ಪಾದರಕ್ಷೆ ರೂಢಿಗೆ ಬಂದುದು ಆ ಶತಮಾನದ ಉತ್ತರಾರ್ಧದಲ್ಲಿ. ಎಂದರೆ ಮೊದಲು ಸಿದ್ಧವಾದುದು ಪಾದ, ಪಾದರಕ್ಷೆ ಅನಂತರದ್ದು.

ಅಭ್ಯಾಸದ ಕ್ರಮವೂ ಇದನ್ನೇ ಅನುಸರಿಸುತ್ತದೆ. ಬೆರಳುಗಳನ್ನು ಮುದುರದೆ ಅವುಗಳ ಬುಡವನ್ನು ಹಿಮ್ಮಡಿಯತ್ತ ಸೆಳೆದು ಪಾದದ ಕಮಾನನ್ನು ಎತ್ತುವುದು, ಹೆಬ್ಬೆರಳನ್ನು ನೆಲಕ್ಕೊತ್ತಿ ಉಳಿದ ಬೆರಳುಗಳನ್ನು ಮೇಲೆತ್ತುವುದು, ಒಂಟಿಕಾಲಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಎತ್ತಿ ಇಳಿಸುವುದು, ಇವು ಮುಖ್ಯವಾದವು. ಮೊದಲಿನ ಎರಡು ಪಾದದೊಳಗಿನ ಸಣ್ಣ ಸ್ನಾಯುಗಳನ್ನೂ, ಮೂರನೆಯದು ವಿಶೇಷವಾಗಿ ಮೀನಖಂಡವನ್ನೂ ಬಲಪಡಿಸುತ್ತವೆ.

ಸಾಮಾನ್ಯವಾಗಿ 11–12 ವರ್ಷಕ್ಕೆ ಮುನ್ನ ಈ ಪಾದರಕ್ಷೆಯನ್ನು ಕೊಡುವುದಿಲ್ಲ. ಆದರೆ ವಯಸ್ಸೊಂದೇ ಪ್ರಮಾಣವಲ್ಲ; ಪಾದದ ಎಲುಬುಗಳ ಬೆಳವಣಿಗೆ ಆಗಲೂ ಪೂರ್ಣವಾಗಿರುವುದಿಲ್ಲ. ಹರಡಿನ ಬಾಗುವಿಕೆ, ಮುಂಡದ ಸ್ಥಿರತೆ, ಹಲವು ವರ್ಷಗಳ ಅಭ್ಯಾಸ, ಇವೆಲ್ಲವನ್ನೂ ಗುರುವು ಪರೀಕ್ಷಿಸಬೇಕು. ಪೋಷಕರ ಆತುರಕ್ಕೆ ಮಣಿದರೆ ನೋವನ್ನು ಉಣ್ಣಬೇಕಾದುದು ಮಗುವೇ. ಪಾದರಕ್ಷೆಯು ದೌರ್ಬಲ್ಯವನ್ನು ಮರೆಸೀತು, ನೀಗಲಾರದು ಎಂಬುದೇ ನಮ್ಮ ಅಭಿಪ್ರಾಯ.