ಮುಖದ ಮೇಲೊಂದು ಮುಖ: ವೆಟಾ ಕಾರ್ಯಾಗಾರದ ಒಳಗೆ

ನ್ಯೂಜಿಲೆಂಡಿನ ರಾಜಧಾನಿ ವೆಲ್ಲಿಂಗ್ಟನ್ನಿನ ನಡುಭಾಗದಲ್ಲಿ 2ನೇ ಸಂಖ್ಯೆಯ ಬಸ್ಸು ಹತ್ತಿದರೆ, ಅದು ವಿಕ್ಟೋರಿಯಾ ಗುಡ್ಡದ ಅಡಿಯ ಸುರಂಗ ದಾಟಿ ವಿಮಾನ ನಿಲ್ದಾಣದ ಬದಿಯಲ್ಲಿರುವ ಮಿರಮಾರ್ ಬಡಾವಣೆಗೆ ತಲುಪಿಸುತ್ತದೆ. ತಗಡಿನ ಮಾಡಿನ ಮರದ ಮನೆಗಳು, ಪುಟ್ಟ ಅಂಗಳಗಳು, ಬಿಡುವಿಲ್ಲದೆ ಬೀಸುವ ಕಡಲ ಗಾಳಿ. ಜಗತ್ತಿನ ದೊಡ್ಡ ಸಿನಿಮಾಗಳ ಮುಖಗಳು ಇಲ್ಲಿ ತಯಾರಾಗುತ್ತವೆ ಎಂದು ಬೀದಿಯನ್ನು ನೋಡಿದವರಿಗೆ ಹೊಳೆಯುವುದಿಲ್ಲ. ಇಲ್ಲಿನ ಸ್ಟೋನ್ ಸ್ಟ್ರೀಟ್ ಸ್ಟುಡಿಯೋ ಒಂದು ಕಾಲಕ್ಕೆ ಬಣ್ಣದ ಕಾರ್ಖಾನೆಯಾಗಿತ್ತು. ಕ್ಯಾಂಪರ್‌ಡೌನ್ ರಸ್ತೆಯ ತಿರುವಿಗೆ ಬಂದಾಗಲೇ ಗುಟ್ಟು ತಿಳಿಯುವುದು. ‘ದಿ ಹಾಬಿಟ್’ ಚಿತ್ರದ ಮೂವರು ದೈತ್ಯರು ಕಲ್ಲಾಗಿ ಕಟ್ಟಡದ ಮುಂದೆಯೇ ನಿಂತಿದ್ದಾರೆ. ಇದೇ ವೆಟಾ ವರ್ಕ್‌ಶಾಪ್. ಇದಕ್ಕೆ ಅಂಟಿಕೊಂಡಂತೆ 2008ರಲ್ಲಿ ಸಾರ್ವಜನಿಕರಿಗೆ ತೆರೆದ ವೆಟಾ ಕೇವ್ ಇದೆ. ಕಾರ್ಯಾಗಾರವನ್ನು ನೋಡುವವರು ಇಲ್ಲಿಂದಲೇ ಹೊರಡಬೇಕು.

ವಿಶೇಷ ಪ್ರಸಾಧನ ಮತ್ತು ವೇಷಭೂಷಣದ ಕೆಲಸವನ್ನು ಹತ್ತಿರದಿಂದ ತಿಳಿಯಬೇಕೆಂಬ ಬಹುದಿನದ ಆಸೆಯಿಂದ ಇಲ್ಲಿಗೆ ಬಂದೆ. ಒಳಗೆ ನೋಡಿದ್ದನ್ನು, ಕೇಳಿದ್ದನ್ನು ಕನ್ನಡದ ಓದುಗರಿಗೆ, ಅದರಲ್ಲೂ ಈ ಕೆಲಸ ಕಲಿಯುವ ಕನಸಿರುವ ಹುಡುಗ ಹುಡುಗಿಯರಿಗೆ ಹೇಳಬೇಕೆನಿಸಿದೆ.

ಬಾಡಿಗೆ ಮನೆಯ ಹಿಂಕೋಣೆ

ರಿಚರ್ಡ್ ಟೇಲರ್ ಮತ್ತು ತಾನಿಯಾ ರಾಡ್ಜರ್ 1987ರಲ್ಲಿ ತಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಈ ಕೆಲಸಕ್ಕೆ ಕೈಹಾಕಿದರು. ಮೊದಲ ಅನ್ನ ಕೊಟ್ಟಿದ್ದು ಟೆಲಿವಿಷನ್. ‘ಪಬ್ಲಿಕ್ ಐ’ ಎಂಬ ವಿಡಂಬನೆಯ ಕಾರ್ಯಕ್ರಮಕ್ಕೆ ರಾಜಕಾರಣಿಗಳ ಗೊಂಬೆಗಳು ಬೇಕಿದ್ದವು. ದುಬಾರಿ ಮೂರ್ತಿಮಣ್ಣಿಗೆ ಕಾಸಿಲ್ಲದೆ ಮಾರ್ಗರೀನ್ ಮುದ್ದೆಯಲ್ಲಿ ಮುಖ ಕೆತ್ತಿ, ಅದರಿಂದಲೇ ಅಚ್ಚು ತೆಗೆದರು. ಆಮೇಲೆ ನಿರ್ದೇಶಕ ಪೀಟರ್ ಜಾಕ್ಸನ್ ಅವರ ‘ಮೀಟ್ ದಿ ಫೀಬಲ್ಸ್’ (1989), ರಕ್ತದ ಹೊಳೆಗೇ ಹೆಸರಾದ ‘ಬ್ರೇನ್‌ಡೆಡ್’ (1992) ಬಂದವು. ‘ಹರ್ಕ್ಯುಲಸ್’, ‘ಝೀನಾ’ ಧಾರಾವಾಹಿಗಳಿಗೂ ಇವರು ಜೀವಿಗಳನ್ನು ಮಾಡಿಕೊಟ್ಟರು. ಕಂತಿನ ಹಿಂದೆ ಕಂತು ಬರುವ ಟೆಲಿವಿಷನ್ ಕೆಲಸದಲ್ಲಿ ಕೈಗೆ ವೇಗವೂ ಲೆಕ್ಕಾಚಾರವೂ ಕೂಡಿಬರುತ್ತವೆ. ಮುಂದೆ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನ ಮೂರು ಚಿತ್ರಗಳ ಹೊರೆ ಹೆಗಲಿಗೆ ಬಂದಾಗ ಅವರನ್ನು ಕಾಪಾಡಿದ್ದು ಈ ಪಳಗಿಕೆಯೇ ಎಂದು ನನಗೆ ತೋರುತ್ತದೆ. ಆ ಸರಣಿಯ ಮೊದಲ ಚಿತ್ರದ ಪ್ರಸಾಧನಕ್ಕೆ 2002ರಲ್ಲಿ, ಕೊನೆಯ ಚಿತ್ರದ ಪ್ರಸಾಧನ ಮತ್ತು ವೇಷಭೂಷಣ ಎರಡಕ್ಕೂ 2004ರಲ್ಲಿ ಆಸ್ಕರ್ ಬಂತು.

ಸೇರಿಸಬಹುದು, ಕಳೆಯಲಾಗದು

ಪ್ರವಾಸದ ದಾರಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಆಯುಧ, ಕವಚ, ರಾಕ್ಷಸರ ತಲೆಗಳು. ನನಗೆ ಬೇಕಾಗಿದ್ದು ಇವೆಲ್ಲ ಹುಟ್ಟುವ ಕ್ರಮ. ಅದು ಶುರುವಾಗುವುದು ನಟನ ಮುಖದ ಪಡಿಯಚ್ಚಿನಿಂದ. ಕಡಲ ಪಾಚಿಯಿಂದ ತೆಗೆಯುವ ಆಲ್ಜಿನೇಟ್ ಪುಡಿಯನ್ನು ನೀರಲ್ಲಿ ಕಲಸಿ ಮುಖಕ್ಕೆ ಹಚ್ಚುತ್ತಾರೆ. ದಂತವೈದ್ಯರು ಹಲ್ಲಿನ ಅಚ್ಚು ತೆಗೆಯಲು ಬಳಸುವುದೂ ಇದನ್ನೇ. ಈಗ ಚರ್ಮಕ್ಕೆ ಒಗ್ಗುವ ಸಿಲಿಕೋನ್ ಕೂಡ ಬಳಕೆಯಲ್ಲಿದೆ. ಹಚ್ಚಿದ್ದು ಕೆಲವು ನಿಮಿಷಗಳಲ್ಲಿ ಗಟ್ಟಿಯಾದ ಮೇಲೆ, ಆಕಾರ ಕೆಡದಂತೆ ಪ್ಲಾಸ್ಟರ್ ಪಟ್ಟಿ ಸುತ್ತುತ್ತಾರೆ. ಅಷ್ಟೂ ಹೊತ್ತು ನಟನ ಮೂಗಿನ ಹೊಳ್ಳೆಗಳನ್ನು ಕಾಯುವುದೇ ಒಬ್ಬರ ಕೆಲಸ. ಬಿಡಿಸಿ ತೆಗೆದ ಅಚ್ಚಿಗೆ ಗಚ್ಚು ಹೊಯ್ದರೆ ನಟನ ತದ್ರೂಪು ಮುಖ ಮೇಜಿನ ಮೇಲೆ ನಿಲ್ಲುತ್ತದೆ.

ಮೂರ್ತಿಕಾರ ಆ ಮುಖದ ಮೇಲೆ ಎಣ್ಣೆಮಣ್ಣು ಮೆತ್ತುತ್ತಾ ಹೊಸ ಮುಖವನ್ನು ಕಟ್ಟುತ್ತಾನೆ. ಈ ಕೆಲಸಕ್ಕೊಂದು ಕಠಿಣ ನಿಯಮವಿದೆ: ಇರುವ ಮುಖಕ್ಕೆ ಸೇರಿಸಬಹುದು, ಇರುವುದನ್ನು ಕಳೆಯಲಾಗದು. ನಟನ ಮೂಗು ಉದ್ದವಿದ್ದರೆ ಮೊಂಡು ಮೂಗು ಬೇಕೆಂದು ಹಟ ಹಿಡಿಯುವಂತಿಲ್ಲ. ಉಳಿದ ಮುಖವನ್ನು ಬೆಳೆಸಿ ಮೂಗು ಸಣ್ಣದೆನಿಸಬೇಕು. ಇನ್ನೊಂದು ನಿಯಮವೂ ಇದೆ. ಹುಬ್ಬಿನ ಮೂಳೆ, ದವಡೆಯಂಥ ಹೆಚ್ಚು ಅಲುಗದ ಜಾಗಗಳಲ್ಲಿ ದಪ್ಪ ಕೂಡಿಸಬಹುದು. ಬಾಯಿಯ ಸುತ್ತ, ಕಣ್ಣಿನ ಸುತ್ತ ಪದರು ತೆಳ್ಳಗಿರಲೇಬೇಕು, ಇಲ್ಲದಿದ್ದರೆ ನಟ ನಕ್ಕರೂ ಮುಖ ನಗುವುದಿಲ್ಲ. ಹೀಗೆ ಮಣ್ಣು ಮುಟ್ಟುವ ಮೊದಲೇ ಮುಖದ ಸ್ನಾಯುಗಳ ಪಾಠ ಆಗಿರಬೇಕು.

ಈ ತಿಳಿವಳಿಕೆಯನ್ನು ಆಧುನಿಕ ಸಿನಿಮಾಕ್ಕೆ ತಂದುಕೊಟ್ಟವರಲ್ಲಿ ಅಮೆರಿಕದ ಡಿಕ್ ಸ್ಮಿತ್ ಮುಖ್ಯರು. 1945ರಲ್ಲಿ ಎನ್‌ಬಿಸಿ ಟೆಲಿವಿಷನ್ ಸೇರಿದವರು. ಇಡೀ ಮುಖಕ್ಕೆ ಒಂದೇ ಮುಖವಾಡ ತೊಡಿಸುವ ಬದಲು, ಒಂದರ ಮೇಲೊಂದು ಅಂಚು ಸರಿಯುವ ಸಣ್ಣ ಸಣ್ಣ ತುಂಡುಗಳನ್ನು ಅಂಟಿಸುವ ಕ್ರಮವನ್ನು ಬೆಳೆಸಿದರು. ‘ಲಿಟಲ್ ಬಿಗ್ ಮ್ಯಾನ್’ (1970) ಚಿತ್ರದಲ್ಲಿ ಡಸ್ಟಿನ್ ಹಾಫ್‌ಮನ್‌ರನ್ನು 121 ವರ್ಷದ ಮುದುಕನಾಗಿಸಿದರು. ‘ದಿ ಎಕ್ಸಾರ್ಸಿಸ್ಟ್’ (1973) ಚಿತ್ರದಲ್ಲಿ ನಲವತ್ತರ ಹರೆಯದ ಮ್ಯಾಕ್ಸ್ ಫಾನ್ ಸಿಡೋ ಅವರನ್ನು ವೃದ್ಧ ಪಾದ್ರಿಯಾಗಿಸಿದ್ದು ಎಷ್ಟು ಸಹಜವಾಗಿತ್ತೆಂದರೆ, ಅಲ್ಲಿ ಪ್ರಸಾಧನವಿದೆ ಎಂಬುದೇ ನೋಡುವವರಿಗೆ ತಿಳಿಯಲಿಲ್ಲ. ಇದಕ್ಕಿಂತ ದೊಡ್ಡದು ಅವರ ಧಾರಾಳತನ. ಉಳಿದವರು ಮುಚ್ಚಿಡುತ್ತಿದ್ದ ಪಾಕಗಳನ್ನು ಅವರು ಕೇಳಿದವರಿಗೆಲ್ಲ ಹೇಳಿಕೊಟ್ಟರು. ಹದಿಹರೆಯದಲ್ಲಿ ಅವರಿಗೆ ಪತ್ರ ಬರೆದು ಕಲಿತ ರಿಕ್ ಬೇಕರ್, ಮುಂದೆ ಪ್ರಸಾಧನಕ್ಕೆಂದೇ ಆಸ್ಕರ್ ವಿಭಾಗ ಆರಂಭವಾದಾಗ ‘ಆ್ಯನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್’ (1981) ಚಿತ್ರಕ್ಕಾಗಿ ಅದರ ಮೊದಲ ಪ್ರಶಸ್ತಿ ಪಡೆದರು. ಬಾಗಿಲು ತೆರೆದಿಟ್ಟ ಗುರುವಿನಿಂದ ಒಂದು ಕಲೆಯೇ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಎಲ್ಲ ಇರುವುದು ಅಂಚಿನಲ್ಲಿ

ಮಣ್ಣಿನ ಮುಖ ಮುಗಿದ ಮೇಲೆ ಅದರಿಂದ ಮತ್ತೊಂದು ಅಚ್ಚು. ನಟನ ಗಚ್ಚಿನ ಮುಖಕ್ಕೂ ಈ ಹೊಸ ಅಚ್ಚಿಗೂ ನಡುವೆ ಉಳಿಯುವ ಸಂದಿನಲ್ಲಿ ನಕಲಿ ಚರ್ಮ ಹುಟ್ಟುತ್ತದೆ. ಹಳೆಯ ಕ್ರಮ ಫೋಮ್ ಲೇಟೆಕ್ಸ್. ರಬ್ಬರ್ ಹಾಲನ್ನು ಮಿಕ್ಸರಿನಲ್ಲಿ ಕಡೆದು, ಹುದುಗಿದ ಇಡ್ಲಿ ಹಿಟ್ಟಿನ ಹಾಗೆ ಉಬ್ಬಿದ ಮೇಲೆ ಅಚ್ಚಿಗೆ ತುಂಬಿ, ಹದವಾದ ಬಿಸಿಯ ಒಲೆಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಹೊರಬರುವ ತುಂಡು ಹಗುರ, ಮೆತ್ತಗೆ. ಇನ್ನೊಂದು ಕ್ರಮ ಸಿಲಿಕೋನ್. ಇದು ಭಾರ, ಒಳಗೆ ಬೆವರು ನಿಲ್ಲುತ್ತದೆ. ಆದರೆ ನಿಜವಾದ ಚರ್ಮದಂತೆ ಬೆಳಕನ್ನು ಸ್ವಲ್ಪ ಒಳಗೆ ಬಿಟ್ಟುಕೊಳ್ಳುವ ಗುಣ ಇದಕ್ಕಿದೆ. ‘ದಿ ಹಾಬಿಟ್’ ಸರಣಿಯನ್ನು ಸೆಕೆಂಡಿಗೆ 48 ಚೌಕಟ್ಟುಗಳಲ್ಲಿ, ತ್ರೀಡಿಯಲ್ಲಿ ಚಿತ್ರಿಸಿದಾಗ ಕ್ಯಾಮೆರಾದ ಕಣ್ಣು ಎಷ್ಟು ಚೂಪಾಯಿತೆಂದರೆ, 13 ಕುಳ್ಳರ ಮುಖಗಳಿಗೆ ಸಿಲಿಕೋನೇ ಬೇಕಾಯಿತು.

ಕೈಗೆ ಕೊಟ್ಟ ಒಂದು ತುಂಡನ್ನು ಬೆಳಕಿಗೆ ಹಿಡಿದು ನೋಡಿದೆ. ನಡುವೆ ಮಾಂಸದಷ್ಟು ದಪ್ಪ. ಅಂಚಿಗೆ ಬರುತ್ತ ಬರುತ್ತ ಉಸಿರಿಗೂ ಮಡಚಿಕೊಳ್ಳುವಷ್ಟು ತೆಳು. ಈ ಅಂಚೇ ಇಡೀ ವಿದ್ಯೆಯ ಪರೀಕ್ಷೆ. ಅಂಟು ಹಚ್ಚಿ ಕೂರಿಸಿದ ಮೇಲೆ ಅಂಚನ್ನು ದ್ರಾವಕದಿಂದ ಕರಗಿಸಿ ಚರ್ಮದೊಳಗೆ ಸೇರಿಸಿಬಿಡುತ್ತಾರೆ. ಸಂಜೆ ಬಿಡಿಸುವಾಗ ಆ ಅಂಚು ಹರಿಯುತ್ತದೆ, ಹಾಗಾಗಿ ತುಂಡನ್ನು ಮರುದಿನ ಬಳಸುವಂತಿಲ್ಲ. ಹಾಬಿಟ್ ಎಂಬ ಪುಟ್ಟ ಜನರ ಕೂದಲು ತುಂಬಿದ ಪಾದಗಳನ್ನೇ ‘ರಿಂಗ್ಸ್’ ಸರಣಿಗೆ 1,800 ಜೊತೆ ಮಾಡಬೇಕಾಗಿ ಬಂದದ್ದು ಇದಕ್ಕಾಗಿ. ನಟರು ಬೆಳಗಿನ ಜಾವವೇ ಬಂದು, ಪಾದ ಅಂಟಿಸುವ ತನಕ ನಿಂತೇ ಇರುತ್ತಿದ್ದರು. ಅದೇ ಸರಣಿಯಲ್ಲಿ ಕುಳ್ಳ ಗಿಮ್ಲಿಯಾಗಿದ್ದ ಜಾನ್ ರೀಸ್-ಡೇವಿಸ್ ಅವರಿಗೆ ಕಣ್ಣಿನ ಸುತ್ತಲಿನ ಚರ್ಮವೇ ಈ ಅಂಟು-ರಬ್ಬರಿಗೆ ಒಗ್ಗದೆ ಊದಿಕೊಂಡಿತ್ತು. ತೆರೆಯ ಮೇಲಿನ ಸೊಬಗಿಗೆ ನಟನ ಮೈ ತೆರುವ ಬೆಲೆಯಿದು.

ಇನ್ನು ಬಣ್ಣ. ಚರ್ಮಕ್ಕೆ ಒಂದೇ ಬಣ್ಣ ಎಂಬುದಿಲ್ಲ. ಕುಂಚದಿಂದ ಕೆಂಪನ್ನು ಸಿಡಿಸಿ, ಅದರ ಮೇಲೆ ಹಳದಿ, ಹಸಿರು, ನೀಲಿಯ ತೆಳು ಚುಕ್ಕೆಗಳನ್ನು ಬಿಟ್ಟು, ಒಂದರೊಳಗೊಂದು ಇಣುಕುವಂತೆ ಪದರು ಪದರಾಗಿ ಕಟ್ಟುತ್ತಾರೆ. ಹುಬ್ಬು, ಗಡ್ಡಗಳ ಎಳೆಗಳನ್ನು ಸೂಜಿಯಿಂದ ಒಂದೊಂದಾಗಿ ಚುಚ್ಚಿ ನಾಟುತ್ತಾರೆ.

ಉಡುಪಿಗೂ ಒಂದು ಆಯುಷ್ಯ

ಮುಖದಿಂದ ಕೆಳಕ್ಕೆ ಇಳಿದರೆ ಬಟ್ಟೆ ಮತ್ತು ಕವಚ. ಒಂದು ಲೋಹದ ಬಲೆಯಂಗಿಯ ಮುಂದೆ ಬಹಳ ಹೊತ್ತು ನಿಂತೆ. ಲೋಹವೆಂದು ಕಣ್ಣು ಹೇಳುತ್ತದೆ, ಎತ್ತಿದರೆ ಪ್ಲಾಸ್ಟಿಕ್. ಪಿವಿಸಿ ಪೈಪನ್ನು ಬಳೆಗಳಾಗಿ ಕತ್ತರಿಸಿ, ಒಂದಕ್ಕೊಂದು ಕೈಯಲ್ಲೇ ಕೊಂಡಿ ಹಾಕಿ ಹೆಣೆದದ್ದು. ‘ರಿಂಗ್ಸ್’ ಸರಣಿಗೆ ಹೀಗೆ ಹೆಣೆದ ಬಳೆಗಳು ಸುಮಾರು 1.25 ಕೋಟಿ. ವರ್ಷಗಟ್ಟಲೆ ಇದೇ ಕೆಲಸ ಮಾಡಿದ ಇಬ್ಬರ ಬೆರಳಚ್ಚು ಸವೆದುಹೋಗಿತ್ತೆಂದು ಇಲ್ಲಿ ಹೇಳುತ್ತಾರೆ. ಉಕ್ಕಿನ ಕವಚ ತೊಟ್ಟ ಕುದುರೆ ಸವಾರ ಅರ್ಧ ದಿನಕ್ಕೇ ಸುಸ್ತಾಗುತ್ತಾನೆ. ಹಗುರಾದ ಕವಚ ತೊಟ್ಟವನು ಹತ್ತಾರು ಸಲ ಬಿದ್ದು ಎದ್ದು ನಟಿಸಬಲ್ಲ. ಕತ್ತಿಗಳಲ್ಲೂ ಇದೇ ವಿವೇಚನೆ. ಹತ್ತಿರದ ಚಿತ್ರಿಕೆಗೆ ಉಕ್ಕಿನದು, ಹೊಡೆದಾಟಕ್ಕೆ ಹಗುರವಾದದ್ದು.

ಆ ಸರಣಿಯ ವೇಷಭೂಷಣವನ್ನು ರೂಪಿಸಿದ ನೀಲಾ ಡಿಕ್ಸನ್ ಅವರಿಗೆ ಇನ್ನೊಂದು ಕಷ್ಟವಿತ್ತು. ಹಾಬಿಟ್‌ಗಳು ಉಳಿದವರಿಗಿಂತ ಚಿಕ್ಕವರಾಗಿ ಕಾಣಲೆಂದು ಒಂದೇ ಪಾತ್ರವನ್ನು ನಟ ಮತ್ತು ಬೇರೆ ಎತ್ತರದ ಬದಲಿ ನಟ ಇಬ್ಬರೂ ಮಾಡುತ್ತಿದ್ದುದರಿಂದ ಪ್ರತಿ ಉಡುಪೂ ಎರಡು ಅಳತೆಯಲ್ಲಿ ಬೇಕಿತ್ತು. ಹೊಲಿಗೆಯ ಅಳತೆ ಬದಲಿಸಿದರೆ ಸಾಲದು. ಗುಂಡಿಯ ಗಾತ್ರ, ನೇಯ್ಗೆಯ ಎಳೆ ಕೂಡ ಅದೇ ಪ್ರಮಾಣದಲ್ಲಿ ಹಿಗ್ಗಬೇಕು, ಕುಗ್ಗಬೇಕು. ಬೂದುಬಣ್ಣದ ಮೇಲಂಗಿಗಳ ಉಣ್ಣೆಬಟ್ಟೆ ಸ್ಟ್ಯಾನ್ಸ್‌ಬರೋ ಎಂಬ ಇಲ್ಲಿಯದೇ ಕುರಿಸಾಕಣೆಯ ಮನೆಯವರದು. 1890ರ ದಶಕದ ಮಗ್ಗಗಳಲ್ಲಿ ನೇಯ್ದದ್ದು. ಹೊಲಿದಾದ ಮೇಲೆ ಬಟ್ಟೆಗೆ ವಯಸ್ಸು ತರುವುದು ಇನ್ನೊಂದು ವಿಭಾಗದ ಕೆಲಸ. ತಂತಿ ಬ್ರಷ್ಷಿನಿಂದ ಉಜ್ಜಿ, ಬಣ್ಣ ತೆಗೆದು, ಮಂಡಿ ಮೊಣಕೈಗಳನ್ನು ಸವೆಸಿ, ಅಂಚಿಗೆ ಮಣ್ಣು ಹತ್ತಿಸುತ್ತಾರೆ. ಯಾವ ಜಾಗ ಎಷ್ಟು ಸವೆಯಬೇಕೆಂದು ಆ ಪಾತ್ರ ಬಾಳಿದ ರೀತಿಯನ್ನು ಯೋಚಿಸಿಯೇ ತೀರ್ಮಾನಿಸಬೇಕು.

ತೆ ಪಾಪಾದಲ್ಲಿ ಅತ್ತ ದಾದಿ

ಮಿರಮಾರ್ ನೋಡಿದವರು ನಗರದ ಕಡಲಂಚಿನಲ್ಲಿರುವ ತೆ ಪಾಪಾ ವಸ್ತುಸಂಗ್ರಹಾಲಯಕ್ಕೂ ಹೋಗಲೇಬೇಕು. ಮೊದಲ ಮಹಾಯುದ್ಧದ ಗಲಿಪೊಲಿ ಕದನದ ಬಗೆಗಿನ ಪ್ರದರ್ಶನ 2015ರ ಏಪ್ರಿಲ್‌ನಲ್ಲಿ ಅಲ್ಲಿ ತೆರೆಯಿತು. ಮನುಷ್ಯನ 2.4 ಪಟ್ಟು ಗಾತ್ರದ ಎಂಟು ಪ್ರತಿಮೆಗಳನ್ನು ಮಾಡಿದ್ದು ಇದೇ ಕಾರ್ಯಾಗಾರದವರು. ಅದಕ್ಕೆ 24,000 ಗಂಟೆಗಳ ದುಡಿಮೆ ಹಿಡಿಯಿತು. ಸಹೋದರನ ಸಾವಿನ ಸುದ್ದಿ ತಿಳಿದು ಕುಸಿದ ದಾದಿ ಲಾಟಿ ಲ ಗಲೇ ಅವರ ಪ್ರತಿಮೆಯ ಎದುರು ಜನ ಮಾತು ನಿಲ್ಲಿಸಿ ನಿಲ್ಲುತ್ತಾರೆ. ಚರ್ಮದ ರಂಧ್ರ, ಕೈಯ ನರ, ಕೂದಲಿನ ಎಳೆ ಎಲ್ಲವೂ ಈ ಗಾತ್ರದಲ್ಲಿ ಬರಿಗಣ್ಣಿಗೆ ಕಾಣುವುದರಿಂದ ತಪ್ಪಿಗೆ ಅಡಗಲು ಜಾಗವೇ ಇಲ್ಲ. ಸಿನಿಮಾಕ್ಕೆಂದು ಬೆಳೆದ ವಿದ್ಯೆ ಇತಿಹಾಸದ ದುಃಖವನ್ನೂ ಹೊರಬಲ್ಲದು ಎಂದು ನನಗೆ ಮನವರಿಕೆಯಾದದ್ದು ಇಲ್ಲಿ.

ಚೌಕಿಯಲ್ಲಿರುವ ವಿದ್ಯೆ

ಈ ಕಾರ್ಯಾಗಾರಕ್ಕೂ ನಮ್ಮ ದಕ್ಷಿಣದ ಸಿನಿಮಾಕ್ಕೂ ನಂಟಿದೆ. ಶಂಕರ್ ನಿರ್ದೇಶನದ ತಮಿಳು ಚಿತ್ರ ‘ಐ’ (2015)ನಲ್ಲಿ ಮುಖ ವಿಕಾರಗೊಂಡ ಗೂನುಬೆನ್ನಿನ ವಿಕ್ರಮ್ ಅವರ ಪ್ರಸಾಧನಕ್ಕೆ ಕೈಹಾಕಿದ್ದು ವೆಟಾದವರೇ. ಆದರೆ ಮುಖದ ಮೇಲೆ ಮುಖ ಕಟ್ಟುವ ವಿದ್ಯೆ ನಮಗೆ ಹೊರಗಿನಿಂದ ಬಂದದ್ದಲ್ಲ. ತೆಂಕುತಿಟ್ಟಿನ ಯಕ್ಷಗಾನದ ಬಣ್ಣದ ವೇಷಧಾರಿ ಚೌಕಿ ಎಂಬ ಬಣ್ಣದ ಕೋಣೆಯಲ್ಲಿ ಕನ್ನಡಿ ಹಿಡಿದು ಕೂತು, ಅಕ್ಕಿಹಿಟ್ಟು ಸುಣ್ಣ ಕಲಸಿದ ಚುಟ್ಟಿಯನ್ನು ಕಡ್ಡಿಯಿಂದ ಚುಕ್ಕೆ ಚುಕ್ಕೆಯಾಗಿ ಇಡುತ್ತಾ, ಗಂಟೆಗಟ್ಟಲೆ ತನ್ನ ಮುಖದ ಮೇಲೆ ರಾಕ್ಷಸನನ್ನು ಎಬ್ಬಿಸುತ್ತಾನೆ. ಎಲ್ಲಿ ದಪ್ಪ ಇರಬೇಕು, ಬಾಯಿ ಕಣ್ಣು ಆಡಲು ಎಲ್ಲಿ ಜಾಗ ಬಿಡಬೇಕು ಎಂಬ ಲೆಕ್ಕ ಅವನ ಬೆರಳಿಗೆ ಗೊತ್ತು. ಮಿರಮಾರ್‌ನ ಮೂರ್ತಿಕಾರ ಎಣ್ಣೆಮಣ್ಣಿನಲ್ಲಿ ಹುಡುಕುವುದೂ ಅದನ್ನೇ.

ಕಲಿಯಬೇಕೆನ್ನುವವರಿಗೆ ನಾನು ಇಲ್ಲಿಂದ ಹೇಳಬಹುದಾದದ್ದು ಇಷ್ಟು. ಮೊದಲು ಮುಖ ಬರೆಯಿರಿ, ಮಣ್ಣಿನಲ್ಲಿ ಮುಖ ಮಾಡಿ. ತಲೆಬುರುಡೆ, ಸ್ನಾಯುಗಳ ರಚನೆ ಓದಿ. ಅಲ್ಯುಮಿನಿಯಂ ಹಾಳೆಯನ್ನು ಮುದುಡಿ ಮರದ ಕಡ್ಡಿಯಿಂದ ತಿದ್ದಿ ಮುಖ ಮಾಡುವುದನ್ನು ಇಲ್ಲಿ ಬಂದವರಿಗೆ ತೋರಿಸಿಕೊಡುತ್ತಾರೆ. ಅದಕ್ಕೆ ಬೇಕಾದ ಖರ್ಚು ಯಾರ ಕೈಗೂ ಎಟುಕುವಂಥದ್ದು. ಮುಖದ ಪಡಿಯಚ್ಚನ್ನು ಮಾತ್ರ ಬಲ್ಲವರಿಲ್ಲದೆ ತೆಗೆಯಬೇಡಿ, ಗಚ್ಚನ್ನು ನೇರ ಚರ್ಮಕ್ಕೆ ಹಚ್ಚಬೇಡಿ. ಯಾವುದೇ ಅಂಟನ್ನು ಮೊದಲು ಮುಂಗೈಗೆ ಹಚ್ಚಿ ಒಂದು ದಿನ ಕಾದು ನೋಡಿ. ದ್ರಾವಕ ಬಳಸುವಾಗ ಕಿಟಕಿ ತೆರೆದಿರಲಿ. ಸಂಜೆ ನಟನ ಮುಖದಿಂದ ತುಂಡನ್ನು ನಿಧಾನವಾಗಿ, ನೋವಾಗದಂತೆ ಬಿಡಿಸುವುದನ್ನೂ ಅಂಟಿಸಿದಷ್ಟೇ ಶ್ರದ್ಧೆಯಿಂದ ಕಲಿಯಿರಿ. ಮರುದಿನ ಅದೇ ಚರ್ಮದ ಮೇಲೆ ಕೆಲಸ ಮಾಡಬೇಕಾದವರು ನೀವೇ.

ಕನ್ನಡ ಚಿತ್ರರಂಗದ ಪ್ರಸಾಧನ ಕಲಾವಿದರು ಹೆಚ್ಚಾಗಿ ಹಿರಿಯರ ಪೆಟ್ಟಿಗೆ ಹೊತ್ತೇ ಕಲಿತವರು. ಆ ಪರಂಪರೆಗೆ ನನ್ನ ಗೌರವವಿದೆ. ಅದರ ಜೊತೆಗೆ, ಚುಟ್ಟಿ ಇಡುವ ಹಿರಿಯ ವೇಷಧಾರಿ, ಅಚ್ಚು ತೆಗೆಯುವ ಶಿಲ್ಪಿ, ಸಿಲಿಕೋನಿನ ಗುಣ ಬಲ್ಲ ರಸಾಯನಶಾಸ್ತ್ರದ ವಿದ್ಯಾರ್ಥಿ, ಕೈಮಗ್ಗದ ನೇಕಾರ ಒಂದೇ ಮೇಜಿನ ಸುತ್ತ ಕೂರುವ ಶಾಲೆಯೊಂದು ಕರ್ನಾಟಕಕ್ಕೆ ಬೇಕು. ಇಂದು ಜಗತ್ತು ನೋಡಲು ಬರುವ ಈ ಕಾರ್ಯಾಗಾರ ಮನೆಯ ಹಿಂಕೋಣೆಯಲ್ಲಿ, ಮಾರ್ಗರೀನ್ ಮುದ್ದೆಯಿಂದ ಶುರುವಾಯಿತು. ನಮ್ಮಲ್ಲಿ ಕೈಗಳಿವೆ, ಕರಾವಳಿಯ ಮೇಳಗಳಲ್ಲಿ ಶತಮಾನಗಳ ಅನುಭವವಿದೆ. ಅದನ್ನು ಕಲಿಸಲು ಒಂದು ಕೋಣೆ ತೆರೆಯುವ ಮನಸ್ಸನ್ನು ನಮ್ಮ ಚಿತ್ರರಂಗ, ಅಕಾಡೆಮಿಗಳು, ವಿಶ್ವವಿದ್ಯಾಲಯಗಳು ಈಗಲೇ ಮಾಡಬೇಕು.